ಚಿತ್ರಕಥೆ ಸಂಘವೊಂದರ ಮರುಹುಟ್ಟು ಮತ್ತು ಒಂಬತ್ತನೆಯ ತರಗತಿಯ ಬಲದ ಪಾಠ

ಬೋಧನಾಭ್ಯಾಸಕ್ಕೆಂದು ಯಾವ ಶಾಲೆಗೆ ಹೋದರೂ ವಿಜ್ಞಾನ ಸಂಘ, ಪರಿಸರ ಸಂಘ, ಸಾಹಿತ್ಯ ಸಂಘ ಎಂಬ ಹೆಸರುಗಳು ಮುಖ್ಯ ಶಿಕ್ಷಕರ ಕೊಠಡಿಯ ಗೋಡೆಯ ಮೇಲೆ ಇದ್ದೇ ಇರುತ್ತವೆ. ದಾಖಲೆ ಪುಸ್ತಕವೂ ಇರುತ್ತದೆ. ಜೂನ್‌ನಲ್ಲಿ ಉದ್ಘಾಟನೆ, ಅಧ್ಯಕ್ಷ ಕಾರ್ಯದರ್ಶಿಗಳ ಆಯ್ಕೆ, ಒಂದು ಭಾವಚಿತ್ರ, ಆಮೇಲೆ ಫೆಬ್ರುವರಿಯವರೆಗೆ ಖಾಲಿ ಹಾಳೆಗಳು. ನಾನು ಇಂಟರ್ನ್‌ಶಿಪ್ ಮಾಡಿದ ಮಲೆನಾಡಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಇವುಗಳ ಜೊತೆಗೆ ಇನ್ನೊಂದು ಹೆಸರೂ ಇತ್ತು: ಚಿತ್ರಕಥೆ ಬಳಗ. ಮೂರು ವರ್ಷದ ಹಿಂದೆ ಬಂದಿದ್ದ ಪ್ರಶಿಕ್ಷಣಾರ್ಥಿಗಳು ಗೋಡೆಪತ್ರಿಕೆಗಾಗಿ ಅದನ್ನು ಶುರು ಮಾಡಿದ್ದರಂತೆ. ಅವರು ಹೊರಟ ವಾರವೇ ಅದು ನಿಂತಿತ್ತು. ಅದನ್ನು ಮತ್ತೆ ಆರಂಭಿಸಲು ಅನುಮತಿ ಕೇಳಿದಾಗ ಮುಖ್ಯ ಶಿಕ್ಷಕರು ಒಪ್ಪಿದರು, ಆದರೆ ಒಂದು ಪ್ರಶ್ನೆ ಹಾಕಿದರು: "ನೀವು ಹೋದ ಮೇಲೆ?"

ಈ ಪ್ರಶ್ನೆಗೆ ನಮ್ಮ ಪಠ್ಯಪುಸ್ತಕಗಳ 'ಸಹಪಠ್ಯ ಚಟುವಟಿಕೆಗಳು' ಅಧ್ಯಾಯದಲ್ಲಿ ನನಗೆ ಉತ್ತರ ಸಿಗಲಿಲ್ಲ. ಸಿಕ್ಕಿದ್ದು ಅಮೆರಿಕದ ಚಿತ್ರಕಥೆ ಪ್ರಕಾಶನವೊಂದರ ಓದುಗರ ಸಂಘದ ಚರಿತ್ರೆಯಲ್ಲಿ. ಹುಟ್ಟಿ, ನಿಂತು, ಬೇರೆಯವರ ಕೈಗೆ ಹೋಗಿ ಮತ್ತೆ ನಿಂತು, ಮೂರನೆಯ ಸಲ ಬೇರೆ ರೂಪದಲ್ಲಿ ಎದ್ದ ಸಂಘ ಅದು. ಅದರ ಕಥೆಯನ್ನು ಮೊದಲು ಹೇಳಿ, ನನ್ನ ಪಾಠಕ್ಕೆ ಅದರಿಂದ ಏನನ್ನು ತೆಗೆದುಕೊಂಡೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಗುಂಡಿ ಬಿಲ್ಲೆಯಿಂದ ಪತ್ರಿಕೆಯವರೆಗೆ

ಚಿತ್ರಕಥೆಯ ಓದುಗರನ್ನು ಸಂಘವಾಗಿ ಕಟ್ಟುವ ಯೋಚನೆ ಹಳೆಯದು. ಸೂಪರ್‌ಮ್ಯಾನ್ 1938ರಲ್ಲಿ ಬಂದ. ಮರುವರ್ಷವೇ 'ಸೂಪರ್‌ಮೆನ್ ಆಫ್ ಅಮೆರಿಕ' ಎಂಬ ಸಂಘ ಬಂತು. ಹತ್ತು ಸೆಂಟ್ ಕಳಿಸಿದ ಮಗುವಿಗೆ ಸದಸ್ಯತ್ವದ ಪ್ರಮಾಣಪತ್ರ, ಅಂಗಿಗೆ ಚುಚ್ಚಿಕೊಳ್ಳುವ ಬಿಲ್ಲೆ ಮತ್ತು ಒಂದು ಗುಪ್ತಲಿಪಿಯ ಕೀಲಿ ಅಂಚೆಯಲ್ಲಿ ಬರುತ್ತಿದ್ದವು. ಸಂಚಿಕೆಯಲ್ಲಿ ಅಚ್ಚಾಗುತ್ತಿದ್ದ ರಹಸ್ಯ ಸಂದೇಶವನ್ನು ಸದಸ್ಯರು ಮಾತ್ರ ಬಿಡಿಸಬಹುದಿತ್ತು. (ಗಣಿತ ವಿಭಾಗದ ಗೆಳೆಯರು ಇದನ್ನು ಗಮನಿಸಬೇಕು. ಅಕ್ಷರಗಳನ್ನು ಇಷ್ಟು ಸ್ಥಾನ ಮುಂದೆ ಸರಿಸುವ ಲಿಪಿ ಎಂದರೆ ಶೇಷಗಣಿತದ ಒಳ್ಳೆಯ ಪಾಠ. ಕನ್ನಡದಲ್ಲಿ ಮಾಡುವಾಗ ಸ್ವರಚಿಹ್ನೆಯನ್ನು ಬಿಟ್ಟು ವ್ಯಂಜನವನ್ನಷ್ಟೇ ಸರಿಸಬೇಕೇ ಎಂಬ ಚರ್ಚೆಯೇ ಒಂದು ಅವಧಿ ತೆಗೆದುಕೊಳ್ಳುತ್ತದೆ.)

ಮಾರ್ವೆಲ್ ಪ್ರಕಾಶನದ ಸಂಪಾದಕ ಸ್ಟ್ಯಾನ್ ಲೀ 1964ರ ಕೊನೆಗೆ 'ಮೆರಿ ಮಾರ್ವೆಲ್ ಮಾರ್ಚಿಂಗ್ ಸೊಸೈಟಿ'ಯನ್ನು ಪ್ರಕಟಿಸಿದರು. ಶುಲ್ಕ ಒಂದು ಡಾಲರ್. ಬಿಲ್ಲೆ, ಗುರುತಿನ ಚೀಟಿ, ಅಂಟುಚಿತ್ರಗಳ ಜೊತೆಗೆ ಕಚೇರಿಯ ಲೇಖಕರು, ಕಲಾವಿದರು ತಮಾಷೆ ಮಾಡುತ್ತಾ ಮಾತಾಡಿದ ಒಂದು ಪುಟ್ಟ ಧ್ವನಿತಟ್ಟೆಯೂ ಸಿಗುತ್ತಿತ್ತು. ತಾನು ಓದುವ ಕಥೆಯನ್ನು ಬರೆದವರ ದನಿಯನ್ನು ಮನೆಯಲ್ಲಿ ಕೇಳುವುದು ಆಗಿನ ಮಗುವಿಗೆ ಎಂಥ ಅನುಭವ ಆಗಿರಬೇಕೆಂದು ಊಹಿಸಬಹುದು.

ಮುಂದೆ ಅವರು ಪದವಿಗಳನ್ನೂ ಸೇರಿಸಿದರು. ನನ್ನ ಗಮನ ನಿಂತದ್ದು ಇಲ್ಲಿ. ತಿಂಗಳಿಗೆ ಮೂರು ಪುಸ್ತಕ ಕೊಂಡವರಿಗೆ ಒಂದು ಪದವಿ. ಪತ್ರ ಅಚ್ಚಾದರೆ ಇನ್ನೊಂದು. ಹೊಸ ಓದುಗರೊಬ್ಬರನ್ನು ಕರೆತಂದವರಿಗೆ 'ಜ್ವಾಲೆ ಕಾಯುವವರು' ಎಂಬ ಅರ್ಥದ ಪದವಿ. ಮೊದಲನೆಯದು ದುಡ್ಡಿನಿಂದ ಸಿಗುವುದು, ಉಳಿದವು ಕೆಲಸದಿಂದ ಸಿಗುವುವು. ಇದು ವ್ಯಾಪಾರವಲ್ಲ ಎಂದು ಹೇಳಲು ಬರುವುದಿಲ್ಲ. ಮಕ್ಕಳ ಜೇಬಿನ ಕಾಸಿನ ಮೇಲೆಯೇ ಕಣ್ಣಿತ್ತು. ಆದರೂ ಕೊಂಡದ್ದಕ್ಕೆ ಸಿಕ್ಕಿದ ಬಿಲ್ಲೆಗಿಂತ ಬರೆದದ್ದಕ್ಕೆ ಸಿಕ್ಕಿದ ಮನ್ನಣೆಯೇ ಹೆಚ್ಚು ಕಾಲ ಬಾಳಿತೆಂದು ನನಗೆ ಕಾಣುತ್ತದೆ.

ಆ ಮನ್ನಣೆಯಲ್ಲಿ ವಿಚಿತ್ರವಾದದ್ದು 'ನೋ-ಪ್ರೈಜ್', ಅಂದರೆ ಇಲ್ಲದ ಬಹುಮಾನ. ಕಥೆಯಲ್ಲಿ ತಪ್ಪು ಹುಡುಕಿ ಬರೆದ ಓದುಗರಿಗೆ 1967ರಿಂದ ಒಂದು ಲಕೋಟೆ ಬರತೊಡಗಿತು. ಇದರೊಳಗೆ ನಿಜವಾದ ನೋ-ಪ್ರೈಜ್ ಇದೆ, ಅಭಿನಂದನೆ ಎಂಬ ಒಕ್ಕಣೆ ಮೇಲೆ ಅಚ್ಚಾಗಿರುತ್ತಿತ್ತು. ಒಡೆದರೆ ಒಳಗೆ ಏನೂ ಇಲ್ಲ! ಕಾಲಕ್ರಮದಲ್ಲಿ ನಿಯಮ ಬಿಗಿಯಾಯಿತು. ತಪ್ಪು ತೋರಿಸಿದರೆ ಸಾಲದು, ಅದು ಯಾಕೆ ತಪ್ಪಲ್ಲ ಎಂದು ಕಥೆಯ ಒಳಗಿನಿಂದಲೇ ವಿವರಿಸಬೇಕು. ಸಂಪಾದಕರೇ ಹಾಗೆ ಮಾಡಿ ತೋರಿಸಿದ್ದೂ ಉಂಟು. ಹಲ್ಕ್ ಕಥೆಯ ವಿಜ್ಞಾನಿ ಬ್ರೂಸ್ ಬ್ಯಾನರ್‌ನನ್ನು ಲೀ ಒಮ್ಮೆ ಮರೆತು ಬಾಬ್ ಬ್ಯಾನರ್ ಎಂದು ಬರೆದುಬಿಟ್ಟರು. ಓದುಗರು ಹಿಡಿದರು. ಆತನ ಪೂರ್ತಿ ಹೆಸರೇ ರಾಬರ್ಟ್ ಬ್ರೂಸ್ ಬ್ಯಾನರ್ ಎಂದು ತೀರ್ಮಾನವಾಯಿತು, ಇಂದಿಗೂ ಅದೇ ಉಳಿದಿದೆ.

1969ಕ್ಕೆ ಸಂಘ ನಿಂತಿತು. ಅದರ ಕೆಲಸವನ್ನು 'ಮಾರ್ವೆಲ್‌ಮೇನಿಯಾ' ಎಂಬ ಹೊರಗಿನ ಅಂಚೆ ಮಾರಾಟ ಸಂಸ್ಥೆಗೆ ಬಿಟ್ಟುಕೊಟ್ಟರು. ಅದು 1971ರ ಹೊತ್ತಿಗೆ ಮುಗಿಯಿತು. ಮೂರನೆಯ ಪ್ರಯತ್ನ 1973ರಲ್ಲಿ: 'ಫ್ರೆಂಡ್ಸ್ ಆಫ್ ಓಲ್ ಮಾರ್ವೆಲ್', ಮೊದಲ ಅಕ್ಷರಗಳನ್ನು ಸೇರಿಸಿ 'ಫೂಮ್'. ಈ ಸಲ ಕೆಲಸ ಮನೆಯೊಳಗೇ ನಡೆಯಿತು. ಚಿತ್ರಕಾರ ಜಿಮ್ ಸ್ಟೆರಾಂಕೊ ಆರಂಭದ ಹೊಣೆ ಹೊತ್ತರು. ಅಂಟುಚಿತ್ರ, ಭಿತ್ತಿಚಿತ್ರ ಇದ್ದವು ನಿಜ, ಆದರೆ ಸಂಘದ ಮುಖ್ಯ ವಸ್ತು ಒಂದು ತ್ರೈಮಾಸಿಕ ಪತ್ರಿಕೆಯಾಗಿತ್ತು. 1978ರವರೆಗೆ 22 ಸಂಚಿಕೆ ಬಂದವು. ಸದಸ್ಯರೇ ಹೊಸ ಪಾತ್ರವನ್ನು ಸೃಷ್ಟಿಸಿ ಕಳಿಸುವ ಸ್ಪರ್ಧೆಯನ್ನೂ ನಡೆಸಿದರು. ಗೆದ್ದ 'ಹ್ಯೂಮಸ್ ಸೇಪಿಯನ್' ಎಂಬ ಪಾತ್ರಕ್ಕೆ ಕಥೆಯಲ್ಲಿ ಜಾಗ ಸಿಕ್ಕಿದ್ದು ಮಾತ್ರ 2001ರಲ್ಲಿ. ಕಳಿಸಿದ ಹುಡುಗ ಅಷ್ಟರಲ್ಲಿ ನಡುವಯಸ್ಸಿನವನಾಗಿದ್ದ. ಮಕ್ಕಳಿಗೆ ಮಾತು ಕೊಡುವಾಗ ಈ 28 ವರ್ಷಗಳನ್ನು ನೆನಪಿಡುವುದು ಒಳ್ಳೆಯದು. ನಾವಿರುವುದು ಹದಿನಾರು ವಾರ.

ಮೂರು ಹಂತಗಳನ್ನು ಅಕ್ಕಪಕ್ಕ ಇಟ್ಟಾಗ ನನಗೆ ಕಂಡದ್ದಿಷ್ಟು. ಸಂಘ ವಸ್ತು ಹಂಚುವ ಕೆಲಸವಷ್ಟೇ ಆದಾಗ ಅದನ್ನು ಹೊರಗಿನವರಿಗೆ ವಹಿಸಲು ಬಂತು, ಅವರು ಎದ್ದುಹೋದಾಗ ಅದೂ ಮುಗಿಯಿತು. ಮತ್ತೆ ಎದ್ದಾಗ ಅದಕ್ಕೆ ಆಧಾರವಾದದ್ದು ಓದುಗರು ಕಳಿಸಿದ ಬರಹ, ಚಿತ್ರ, ತಕರಾರುಗಳು. ನಮ್ಮ ಶಾಲೆಗೆ ಮೊದಲು ಬಂದಿದ್ದ ಪ್ರಶಿಕ್ಷಣಾರ್ಥಿಗಳ ಗೋಡೆಪತ್ರಿಕೆಯ ಉಳಿದಿದ್ದ ಎರಡು ಹಾಳೆಗಳನ್ನು ನೋಡಿದೆ. ಬಹಳ ಚೆಂದದ ಚಿತ್ರಗಳು. ಮಕ್ಕಳ ಕೈಬರಹ ಒಂದೂ ಇರಲಿಲ್ಲ.

ಖಾಲಿ ಲಕೋಟೆ ತರಗತಿಗೆ ಬಂದದ್ದು

ನನಗೆ ಹಂಚಿಕೆಯಾದ ಘಟಕ ಒಂಬತ್ತನೆಯ ತರಗತಿಯ 'ಬಲ ಮತ್ತು ಚಲನೆಯ ನಿಯಮಗಳು'. ಎರಡನೆಯ ನಿಯಮದಲ್ಲಿ ಕ್ರಿಕೆಟ್ ಚೆಂಡು ಹಿಡಿಯುವ ಕ್ಷೇತ್ರರಕ್ಷಕ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವ ಉದಾಹರಣೆ ಎಲ್ಲರಿಗೂ ಗೊತ್ತು. ಮಕ್ಕಳಿಗೂ ಗೊತ್ತು. ಗೊತ್ತಿರುವುದೇ ತೊಂದರೆ. ಕೇಳಿದ ಕೂಡಲೇ "ಸಮಯ ಹೆಚ್ಚಾಗುತ್ತದೆ, ಬಲ ಕಡಿಮೆಯಾಗುತ್ತದೆ" ಎಂದು ಒಂದೇ ರಾಗದಲ್ಲಿ ಉತ್ತರ ಬರುತ್ತದೆ, ಆದರೆ ಎಷ್ಟು ಸಮಯಕ್ಕೆ ಎಷ್ಟು ಬಲ ಎಂದರೆ ಮೌನ. ಆದ್ದರಿಂದ ಪ್ರೇರಣೆಯ ಹಂತಕ್ಕೆ ಸ್ಪೈಡರ್‌ಮ್ಯಾನ್ ಕಥೆಯೊಂದನ್ನು ಆರಿಸಿಕೊಂಡೆ. ಫೂಮ್ ಹುಟ್ಟಿದ 1973ರಲ್ಲೇ ಬಂದ, ಗೆರಿ ಕಾನ್ವೇ ಬರೆದು ಗಿಲ್ ಕೇನ್ ಚಿತ್ರಿಸಿದ ಕಥೆ ಅದು. ಖಳನಾಯಕ ಸೇತುವೆಯ ಗೋಪುರದ ಮೇಲಿಂದ ನಾಯಕನ ಗೆಳತಿ ಗ್ವೆನ್‌ಳನ್ನು ಕೆಳಗೆ ತಳ್ಳುತ್ತಾನೆ. ನಾಯಕ ಬಲೆಯ ನೂಲು ಎಸೆದು ನೀರು ಮುಟ್ಟುವ ಮೊದಲೇ ಅವಳನ್ನು ಹಿಡಿಯುತ್ತಾನೆ. ಆದರೂ ಅವಳು ಸಾಯುತ್ತಾಳೆ. ಓದುಗರು ಕಾರಣ ಕೇಳಿ ಬರೆದರು. ಕೆಲವು ಸಂಚಿಕೆಗಳ ನಂತರ ಪತ್ರಗಳ ಪುಟದಲ್ಲಿ ಸಂಪಾದಕರು ಉತ್ತರಿಸಿದರು: ಥಟ್ಟನೆ ನಿಲ್ಲಿಸಿದ ಜಗ್ಗಿಗೆ ಕುತ್ತಿಗೆ ಮುರಿಯಿತು. ಭೌತವಿಜ್ಞಾನಿ ಜೇಮ್ಸ್ ಕಕಾಲಿಯೋಸ್ 2005ರ ತಮ್ಮ ಪುಸ್ತಕದಲ್ಲಿ ಈ ದೃಶ್ಯವನ್ನೇ ಸಂವೇಗದ ಪಾಠಕ್ಕೆ ಬಳಸಿದ್ದಾರೆ.

ಸಾವಿನ ಚಿತ್ರವನ್ನು ತರಗತಿಯಲ್ಲಿ ತೋರಿಸುವುದು ಬೇಡವೆಂದು ಹಲಗೆಯ ಮೇಲೆ ಗೋಪುರ, ನೂಲು, ಒಂದು ಗೊಂಬೆ ಇಷ್ಟನ್ನೇ ಬರೆದೆ. ಗೊಂಬೆಯ ರಾಶಿ 50 ಕೆ.ಜಿ. ಎಂದಿಟ್ಟುಕೊಂಡು, 80 ಮೀಟರ್ ಬಿದ್ದ ಮೇಲೆ ಅದರ ವೇಗ ಎಷ್ಟು ಎಂದು ಕೇಳಿದೆ. ವೇಗೋತ್ಕರ್ಷ 10 ಎಂದು ತೆಗೆದುಕೊಂಡರೆ ಸೆಕೆಂಡಿಗೆ 40 ಮೀಟರ್. ಸಂವೇಗ 2000. ಇದನ್ನು ಅರ್ಧ ಸೆಕೆಂಡಿನಲ್ಲಿ ಸೊನ್ನೆಗೆ ತರಲು ಸರಾಸರಿ 4000 ನ್ಯೂಟನ್ ನಿವ್ವಳ ಬಲ ಬೇಕು, ಅಂದರೆ ಗೊಂಬೆಯ ತೂಕದ ಎಂಟು ಪಟ್ಟು. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಾದರೆ 20,000 ನ್ಯೂಟನ್. ಎರಡು ಸೆಕೆಂಡ್ ಸಿಕ್ಕರೆ 1000 ಮಾತ್ರ. ಇಲ್ಲಿಯವರೆಗೆ ಎಲ್ಲವೂ ಪಾಠಯೋಜನೆಯಲ್ಲಿ ಬರೆದಂತೆಯೇ ನಡೆಯಿತು.

ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ನಮ್ಮಪ್ಪ ಅಡಿಕೆ ಕೊನೆ ಹಿಡಿಯುವುದೂ ಹೀಗೇ" ಅಂದಳು. ಕೊನೆಗಾರ ಮರದ ಮೇಲಿಂದ ಬಿಟ್ಟ ಕೊನೆಯನ್ನು ಕೆಳಗೆ ಗೋಣಿ ಹಿಡಿದು ನಿಂತವರು ಬಿಗಿಯಾಗಿ ಹಿಡಿದಿರುವುದಿಲ್ಲ; ಕೊನೆ ಬಿದ್ದ ಕೂಡಲೇ ಗೋಣಿಯ ಜೊತೆ ತಾವೂ ಬಗ್ಗುತ್ತಾರೆ. ಗಟ್ಟಿ ಹಿಡಿದರೆ ಅಡಿಕೆ ಉದುರುತ್ತದೆ, ಕೈಯೂ ಹೋಗುತ್ತದೆ. ಎಷ್ಟು ಬಗ್ಗುತ್ತಾರೆ ಎಂದು ಕೇಳಿದೆ. ಅವಳು ಎದೆಯಿಂದ ಮೊಣಕಾಲಿನವರೆಗೆ ಕೈಯಾಡಿಸಿ ತೋರಿಸಿದಳು. ತರಗತಿಯಲ್ಲಿ ಸಮಯದ ಮಾತು ದೂರದ ಮಾತಾದದ್ದು ಆಗ. ನಿಲ್ಲಲು ಸಮಯ ಬೇಕೆಂದರೆ ಜಾಗವೂ ಬೇಕು. ಸೆಕೆಂಡಿಗೆ 40 ಮೀಟರ್‌ನಿಂದ ಸೊನ್ನೆಗೆ ಸಮವಾಗಿ ಇಳಿದರೆ ಸರಾಸರಿ ವೇಗ 20, ಎರಡು ಸೆಕೆಂಡಿಗೆ 40 ಮೀಟರ್ ಜಾಗ.

ಇದರಿಂದ ಚಿತ್ರಕಥೆಯ ಇನ್ನೊಂದು ಹಳೆಯ ತಕರಾರಿಗೆ ಜೀವ ಬಂತು. ಆ ಕಥೆಯ ಮಾತಿನಲ್ಲಿ ಸೇತುವೆಯ ಹೆಸರು ಜಾರ್ಜ್ ವಾಷಿಂಗ್ಟನ್ ಸೇತುವೆ ಎಂದಿದೆ, ಚಿತ್ರದಲ್ಲಿರುವುದು ಬ್ರೂಕ್ಲಿನ್ ಸೇತುವೆ. ಎರಡೂ ನ್ಯೂಯಾರ್ಕಿನವೇ. ಸಾಮಾನ್ಯ ಓದುಗರಿಗೆ ಇದು ಹೆಸರಿನ ತಪ್ಪು, ಅಷ್ಟೇ. ಲೆಕ್ಕ ಮಾಡುವವರಿಗೆ ಹಾಗಲ್ಲ. ಬ್ರೂಕ್ಲಿನ್ ಸೇತುವೆಯ ಗೋಪುರ ನೀರಿನಿಂದ ಸುಮಾರು 84 ಮೀಟರ್ ಎತ್ತರ, ಜಾರ್ಜ್ ವಾಷಿಂಗ್ಟನ್ ಸೇತುವೆಯದು ಸುಮಾರು 184. ಬ್ರೂಕ್ಲಿನ್‌ನಲ್ಲಿ 80 ಮೀಟರ್ ಬಿದ್ದ ಮೇಲೆ ಉಳಿಯುವುದು 4 ಮೀಟರ್. ಅಷ್ಟರಲ್ಲಿ ನಿಲ್ಲಿಸಬೇಕೆಂದರೆ 0.2 ಸೆಕೆಂಡ್, ಬಲ 10,000 ನ್ಯೂಟನ್, ತೂಕದ ಇಪ್ಪತ್ತು ಪಟ್ಟು. ಇನ್ನೊಂದು ಸೇತುವೆಯಲ್ಲಿ 104 ಮೀಟರ್ ಉಳಿದಿರುತ್ತದೆ. ನೂಲು ಸಾಕಷ್ಟು ಹಿಗ್ಗುವಂಥದ್ದಾದರೆ ಅವಳು ಬದುಕಬಹುದಿತ್ತು. ಮಕ್ಕಳು ಈ ಎರಡು ಲೆಕ್ಕವನ್ನು ಎರಡು ಗುಂಪಾಗಿ ಮಾಡಿದರು. ಎರಡನೆಯ ಗುಂಪಿನವರು ಸ್ಪೈಡರ್‌ಮ್ಯಾನ್ ಮೇಲೆ ಕೋಪಗೊಂಡರು. ಭೌತವಿಜ್ಞಾನದ ತರಗತಿಯಲ್ಲಿ ಉತ್ತರದ ಬಗ್ಗೆ ಕೋಪ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಂದಿನ ಮೊದಲ ಖಾಲಿ ಲಕೋಟೆ ಅಡಿಕೆ ಕೊನೆಯ ಹುಡುಗಿಗೆ ಹೋಯಿತು. ಒಡೆದು ನೋಡಿ ಒಂದು ಕ್ಷಣ ಪೆಚ್ಚಾದಳು. ಆಮೇಲೆ ಅದನ್ನು ಕಂಪಾಸ್ ಪೆಟ್ಟಿಗೆಯಲ್ಲಿ ಮಡಚಿಟ್ಟುಕೊಂಡಳು.

ಮಾರ್ಗದರ್ಶಕರ ಆಕ್ಷೇಪ

ಪಾಠವನ್ನು ವೀಕ್ಷಿಸಿದ ನಮ್ಮ ಉಪನ್ಯಾಸಕರು ಚರ್ಚೆಯ ಅವಧಿಯಲ್ಲಿ ಒಂದು ಗಟ್ಟಿ ಆಕ್ಷೇಪ ಎತ್ತಿದರು. ಅದನ್ನು ಇಲ್ಲಿ ಪೂರ್ತಿಯಾಗಿ ಕೊಡುವುದು ನ್ಯಾಯ. ತಪ್ಪನ್ನು ಕಂಡಾಗ ಅದು ತಪ್ಪಲ್ಲವೆಂದು ಸಮರ್ಥಿಸುವುದಕ್ಕೆ ಬಹುಮಾನ ಕೊಟ್ಟರೆ ಮಕ್ಕಳು ಕಲಿಯುವುದು ತೇಪೆ ಹಾಕುವುದನ್ನು. ವಿಜ್ಞಾನದಲ್ಲಿ ಸಿದ್ಧಾಂತಕ್ಕೆ ವಿರುದ್ಧವಾದದ್ದು ಕಂಡರೆ ಸಿದ್ಧಾಂತವನ್ನು ಬಿಡಲು ತಯಾರಿರಬೇಕು. ಬಾಬ್ ಬ್ಯಾನರ್ ತಪ್ಪನ್ನು ಮುಚ್ಚಿದ ಜಾಣತನ ಸಂಪಾದಕನಿಗೆ ಸರಿ, ಪ್ರಯೋಗಾಲಯದಲ್ಲಿ ಅಪಾಯ. ಸುಟ್ಟ ಮೇಲೆ ತೂಕ ಹೆಚ್ಚಾದರೆ ಸುಡುವ ವಸ್ತುವಿಗೆ ಋಣ ತೂಕ ಇದೆ ಎಂದವರೂ ಚರಿತ್ರೆಯಲ್ಲಿ ಇದ್ದರಲ್ಲ ಎಂದು ಅವರು ಫ್ಲೊಜಿಸ್ಟನ್ ವಾದವನ್ನು ನೆನಪಿಸಿದರು.

ಈ ಮಾತು ನನಗೆ ಸರಿ ಎನಿಸಿತು. ಆದರೆ ಅದಕ್ಕಾಗಿ ಲಕೋಟೆಯನ್ನು ಬಿಡಬೇಕಿರಲಿಲ್ಲ, ನಿಯಮಕ್ಕೆ ಒಂದು ಷರತ್ತು ಸೇರಿಸಿದರೆ ಸಾಕಿತ್ತು. ಮುಂದಿನ ಶನಿವಾರದ ಬಳಗದ ಸಭೆಯಿಂದ ಷರತ್ತು ಹೀಗಾಯಿತು: ನಿಮ್ಮ ವಿವರಣೆ ಸರಿಯಾಗಿದ್ದರೆ ಚಿತ್ರದಲ್ಲಿ ಅಥವಾ ಮೇಜಿನ ಮೇಲೆ ಪರೀಕ್ಷಿಸಿ ನೋಡಬಹುದಾದ ಇನ್ನೊಂದು ಸಂಗತಿ ಅದರಿಂದ ಹೊರಡಬೇಕು. ಹೊರಡದಿದ್ದರೆ ಲಕೋಟೆ ಇಲ್ಲ.

ಷರತ್ತು ಹೇಗೆ ಕೆಲಸ ಮಾಡಿತೆಂಬುದಕ್ಕೆ ಎರಡು ಉದಾಹರಣೆ ಸಾಕು. ಒಬ್ಬ ಹುಡುಗ ಅಣ್ಣನ ಕಾಲದ 'ಬಾಲಮಂಗಳ' ತಂದಿದ್ದ. ಅದರ ಡಿಂಗ ಎಂಬ ಇಲಿ ತನಗಿಂತ ನೂರಾರು ಪಟ್ಟು ಭಾರದ್ದನ್ನು ಎತ್ತುತ್ತದೆ. ಹೇಗೆ ಎಂದರೆ "ಅದಕ್ಕೆ ವಿಶೇಷ ಶಕ್ತಿ ಬಂದಿದೆ". ಇದರಿಂದ ಪರೀಕ್ಷಿಸಲು ಏನು ಹೊರಡುತ್ತದೆ? ಏನೂ ಇಲ್ಲ. ಲಕೋಟೆ ಇಲ್ಲ, ಕಥೆ ಮಾತ್ರ ಹಾಗೆಯೇ ಚೆನ್ನಾಗಿದೆ. (ಇಲಿಯನ್ನು ಹತ್ತು ಪಟ್ಟು ಉದ್ದ ಮಾಡಿದರೆ ತೂಕ ಸಾವಿರ ಪಟ್ಟು, ಮೂಳೆಯ ಅಡ್ಡಕೊಯ್ತ ನೂರೇ ಪಟ್ಟು ಎಂಬ ಚರ್ಚೆಗೆ ಅಲ್ಲಿಂದ ದಾರಿ ಸಿಕ್ಕಿತು, ಅದು ಬೇರೆ ಮಾತು.) ಇನ್ನೊಂದು, ಮಕ್ಕಳೇ ಬರೆದ ಚಿತ್ರಕಥೆಯದ್ದು. ಬಾಹ್ಯಾಕಾಶದಲ್ಲಿ ನೌಕೆಗೆ ಕಲ್ಲು ಬಡಿದು 'ಢಾಂ' ಎಂದು ಬರೆದಿತ್ತು. ಅಲ್ಲಿ ಗಾಳಿ ಇಲ್ಲ, ಶಬ್ದ ಬರುವುದಿಲ್ಲ ಎಂದು ತಪ್ಪು ಹಿಡಿದದ್ದು ಎಲ್ಲರೂ. ಒಬ್ಬಳು ಮಾತ್ರ ಹೇಳಿದಳು: ನೌಕೆಯ ಒಳಗೆ ಕೂತವರಿಗೆ ಲೋಹದ ಗೋಡೆಯ ಮೂಲಕ ಕೇಳಿಸುತ್ತದೆ, ಹಾಗಿದ್ದರೆ ಹೊರಗೆ ತೇಲುತ್ತಿರುವವನಿಗೆ ಕೇಳಿಸಬಾರದು, ಮುಂದಿನ ಚೌಕದಲ್ಲಿ ಅವನು ತಿರುಗಿ ನೋಡಿದ್ದಾನೆಯೇ ನೋಡಿ. ನೋಡಿದೆವು. ತಿರುಗಿ ನೋಡಿದ್ದ. ಅವಳ ವಿವರಣೆಯಿಂದಲೇ ಇನ್ನೊಂದು ತಪ್ಪು ಸಿಕ್ಕಿತು. ಎರಡು ಲಕೋಟೆ.

ಉಪನ್ಯಾಸಕರು ಈ ಬದಲಾವಣೆಯನ್ನು ಒಪ್ಪಿದರು. ಆದರೆ ತರಗತಿಯ ಅವಧಿಯಲ್ಲಿ ಇದಕ್ಕೆ ಎಂಟು ನಿಮಿಷಕ್ಕಿಂತ ಹೆಚ್ಚು ಕೊಡಬಾರದು ಎಂದೂ ಹೇಳಿದರು. ಅದನ್ನು ನಾನು ಪಾಲಿಸಿದೆ. ಉಳಿದದ್ದು ಶನಿವಾರದ ಬಳಗಕ್ಕೆ. ಶಾಲೆಯ ವಿಜ್ಞಾನ ಶಿಕ್ಷಕರಿಗೆ ಪಾಠ ಮುಗಿಸುವ ಒತ್ತಡ ಇದ್ದೇ ಇರುತ್ತದೆ, ಅದನ್ನು ಹಗುರವಾಗಿ ನೋಡುವ ಹಕ್ಕು ಹದಿನಾರು ವಾರಕ್ಕೆ ಬಂದವರಿಗೆ ಇಲ್ಲ.

ಬಳಗವನ್ನು ಯಾರ ಕೈಗೆ ಕೊಡುವುದು

ಮುಖ್ಯ ಶಿಕ್ಷಕರ ಪ್ರಶ್ನೆಗೆ ಬರುತ್ತೇನೆ. ಮೊದಲ ವಾರದಿಂದಲೇ ಗೋಡೆಪತ್ರಿಕೆಯಲ್ಲಿ ನಾನು ಒಂದಕ್ಷರವನ್ನೂ ಬರೆಯಲಿಲ್ಲ. ರಟ್ಟಿನ ಪತ್ರಪೆಟ್ಟಿಗೆಯನ್ನು ಮೆಟ್ಟಿಲ ಬಳಿ ಇಟ್ಟೆವು. ಬಂದ ಪತ್ರಗಳಿಗೆ ಉತ್ತರ ಬರೆಯುವವರು ಮೂವರು ಸಂಪಾದಕರು, ಮೂವರೂ ಎಂಟನೆಯ ತರಗತಿಯವರು. ಒಂಬತ್ತರವರನ್ನು ಆರಿಸಿದರೆ ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿಯ ವಿಶೇಷ ತರಗತಿಗಳಲ್ಲಿ ಅವರು ಮುಳುಗಿಹೋಗುತ್ತಾರೆ. ಎಂಟರವರಿಗೆ ಇನ್ನೊಂದು ಪೂರ್ತಿ ವರ್ಷ ಇರುತ್ತದೆ. ಪದವಿಗಳ ಹೆಸರನ್ನು ಮಕ್ಕಳೇ ಇಟ್ಟರು. ತಪ್ಪು ಹಿಡಿದವರು 'ಹದ್ದಿನ ಕಣ್ಣು', ಹೊಸಬರನ್ನು ಕರೆತಂದವರು 'ದೀಪ ಹಚ್ಚಿದವರು'. ದುಡ್ಡಿನಿಂದ ಸಿಗುವ ಪದವಿ ಇಲ್ಲ. ಬಿಲ್ಲೆಯೂ ಇಲ್ಲ, ಕೇಳಿದವರಿದ್ದರು. ಖರ್ಚು ಎಂದರೆ ಲಕೋಟೆ ಮತ್ತು ಚಾರ್ಟ್ ಹಾಳೆ. ಮೂರನೆಯ ವಾರದಿಂದ ಲಕೋಟೆಯನ್ನೂ ಹಳೆಯ ಪರೀಕ್ಷೆ ಹಾಳೆಗಳಿಂದ ಅವರೇ ಮಡಚತೊಡಗಿದರು.

ಹನ್ನೊಂದನೆಯ ವಾರ ನಾನು ಬೇಕೆಂದೇ ಶನಿವಾರದ ಸಭೆಗೆ ಹೋಗಲಿಲ್ಲ. ಸಹಪಾಠಿಯೊಬ್ಬರನ್ನು ದೂರದಿಂದ ನೋಡಲು ಕೇಳಿಕೊಂಡಿದ್ದೆ. ಅವರ ವರದಿಯ ಪ್ರಕಾರ ಸಭೆ ಹತ್ತು ನಿಮಿಷ ತಡವಾಗಿ ಶುರುವಾಯಿತು, ಇಬ್ಬರು ಜಗಳವಾಡಿದರು, ಪತ್ರಿಕೆ ಮಾತ್ರ ಸೋಮವಾರ ಗೋಡೆಗೆ ಬಂತು. ಹದಿಮೂರನೆಯ ವಾರ ಮತ್ತೆ ಹಾಗೆಯೇ ಮಾಡಿದೆ. ಆಗ ಜಗಳದ ವರದಿಯೇ ಪತ್ರಿಕೆಯಲ್ಲಿ ಬಂದಿತ್ತು, ಎರಡೂ ಕಡೆಯವರ ವಿವರಣೆಯ ಸಮೇತ.

ನಾವು ಹೊರಡುವ ದಿನ ಪೆಟ್ಟಿಗೆಯ ಕೀಲಿ ಎಂಟನೆಯ ತರಗತಿಯ ಸಂಪಾದಕರಲ್ಲಿತ್ತು, ಇನ್ನೊಂದು ಕೀಲಿ ವಿಜ್ಞಾನ ಶಿಕ್ಷಕರ ಬಳಿ. ದಾಖಲೆ ಪುಸ್ತಕದಲ್ಲಿ ಒಂಬತ್ತು ಸಂಚಿಕೆಗಳ ವಿವರ ಇದೆ. ಉತ್ತರ ಬರೆಯದ ಪತ್ರಗಳು ನಾಲ್ಕು. ಅದರಲ್ಲಿ ಒಂದನ್ನು ಮುಂದಿನ ವರ್ಷ ಅದೇ ಶಾಲೆಗೆ ಹೋಗುವವರಿಗಾಗಿ ಇಲ್ಲಿ ಹಾಗೆಯೇ ಕೊಡುತ್ತೇನೆ: "ನೂಲು 40 ಮೀಟರ್ ಹಿಗ್ಗಿ ಗೊಂಬೆಯನ್ನು ನಿಲ್ಲಿಸಿತು ಅಂತ ಇಟ್ಟುಕೊಳ್ಳೋಣ. ಹಿಗ್ಗಿದ ನೂಲು ಸುಮ್ಮನಿರುತ್ತದಾ? ಅದು ಗೊಂಬೆಯನ್ನು ಮೇಲಕ್ಕೆ ಎಸೆದರೆ ಸೇತುವೆಗೆ ತಲೆ ಬಡಿಯುವುದಿಲ್ಲವಾ? ನಾವು ರಬ್ಬರ್ ಬ್ಯಾಂಡಿನಲ್ಲಿ ಕಲ್ಲು ಕಟ್ಟಿ ನೋಡಿದೆವು, ಎಸೆಯುತ್ತದೆ. ಸೈಕಲ್ ಟ್ಯೂಬಿನಲ್ಲಿ ನೋಡಿದೆವು, ಕಡಿಮೆ ಎಸೆಯುತ್ತದೆ. ಯಾಕೆ?"